ಊರ ಉಸಾಬರಿ ನಮಗೇಕೆ?



ನಮ್ಮ ಹಳ್ಳಿಗಳಲ್ಲಿ ನೆಮ್ಮದಿಯಿಂದ ಬಾಳುವ ಅನೇಕರ ಬಾಯಲ್ಲಿ ಒಂದು ಮಾತು ಸದಾ ಕೇಳಬರುತ್ತದೆ. ಅದೇನಂದರೆ, "ಊರ ಉಸಾಬರಿ ನಮಗೇಕೆ?" ಎಂಬದೇ. ಪಂಚಾಯತಿಯವರು ಡಂಗುರ ಹೊಡಿಸಿ ಗ್ರಾಮಸಭೆಯ ದಿನವನ್ನು ತಿಳಿಸಿದರೂ ಇವರು ಆ ದಿನ ಮನೆಯ ಕದವನ್ನು ಮುಂದೆ ಮಾಡಿಕೊಂಡು ಒಳಗಿರುತ್ತಾರೆ. ಇವರು ಕೆಟ್ಟವರಲ್ಲ. ಯಾರ ಸೊತ್ತನ್ನೂ ಕದ್ದವರಲ್ಲ, ಯಾರ ಮೇಲೂ ಕೈಯೆತ್ತಿದವರಲ್ಲ. ಸಾಲವನ್ನು ಹೊತ್ತಿಗೆ ತೀರಿಸುವವರು, ಮಕ್ಕಳನ್ನು ಓದಿಸುವವರು. "ನಾವು ಯಾರ ತಂಟೆಗೂ ಹೋಗುವವರಲ್ಲ" ಎಂಬದೇ ಅವರು ತಮ್ಮ ಕುರಿತು ಹೇಳಿಕೊಳ್ಳುವ ಹೆಗ್ಗಳಿಕೆ. ಹಾಗಾದರೆ ಅವರ ನಡತೆಯಲ್ಲಿ ದೋಷವುಂಟೋ ಇಲ್ಲವೋ? ಯಾರಿಗೂ ಕೇಡು ಮಾಡದೆ ಸುಮ್ಮನಿರುವವನು ನಿಜವಾಗಿ ನಿರ್ದೋಷಿಯೋ? ಈ ಪ್ರಶ್ನೆಯನ್ನು ಸ್ವಲ್ಪ ಶೋಧಿಸಿ ನೋಡೋಣ.

ಮೊದಲು, ಗ್ರಾಮಸಭೆ ಎಂದರೇನೆಂಬದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಪಂಚಾಯತಿಯೂ ಗ್ರಾಮಸಭೆಯೂ ಒಂದೇ ಎಂದು ಅನೇಕರು ಎಣಿಸುತ್ತಾರೆ, ಅದು ಸರಿಯಲ್ಲ. ಪಂಚಾಯತಿಯಲ್ಲಿ ಕೂತುಕೊಳ್ಳುವವರು ನಾವು ಮತ ಕೊಟ್ಟು ಆರಿಸಿದ ಕೆಲವು ಮಂದಿ ಸದಸ್ಯರು. ಗ್ರಾಮಸಭೆಯಾದರೋ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಎಲ್ಲರ ಸಭೆ. ಗೌಡನೂ ಕೂಲಿಯವನೂ, ಅತ್ತೆಯೂ ಸೊಸೆಯೂ ಅದರಲ್ಲಿ ಸರಿಸಮಾನರು. ಈ ಅಧಿಕಾರವು ಒಂದೇ ದಿನದಲ್ಲಿ ನಮ್ಮ ಕೈಸೇರಿದ್ದಲ್ಲ. ಸ್ಥಳೀಯ ಆಡಳಿತದಲ್ಲಿ ಊರವರಿಗೆ ಪಾಲಿರಬೇಕೆಂದು ರಿಪನ್ ಪ್ರಭುವು ನಿರ್ಣಯ ಹೊರಡಿಸಿದ್ದು 1882ರಲ್ಲಿ. ಅದಾಗಿ ನೂರು ವರುಷ ಕಳೆದ ಮೇಲೆ, 1983ರಲ್ಲಿ, ಕರ್ನಾಟಕವು ಮಂಡಲ ಪಂಚಾಯತಿಗಳ ಕಾಯಿದೆಯನ್ನು ಮಾಡಿತು. ಹಳ್ಳಿ ಹಳ್ಳಿಗೆ ಕೊಳವೆಬಾವಿ ತೋಡಿಸಿ "ನೀರ್ ಸಾಬ್" ಎಂದು ಹೆಸರಾದ ಮಂತ್ರಿ ಅಬ್ದುಲ್ ನಜೀರ್ ಸಾಬರು ಈ ಕಾರ್ಯಕ್ಕಾಗಿ ಬಹಳವಾಗಿ ಶ್ರಮಪಟ್ಟರು. 1987ರಲ್ಲಿ ನಡೆದ ಚುನಾವಣೆಯಲ್ಲಿ ನೂರಕ್ಕೆ 25 ಸ್ಥಾನಗಳು ಸ್ತ್ರೀಯರಿಗೆ ಮೀಸಲಾದವು. ಬಳಿಕ ಸಂವಿಧಾನದ 73ನೆಯ ತಿದ್ದುಪಡಿಯು 1993ನೆಯ ಏಪ್ರಿಲ್ 24ರಂದು ಜಾರಿಗೆ ಬಂದು ಗ್ರಾಮಸಭೆಯ ಹೆಸರನ್ನು ದೇಶದ ಮೂಲಶಾಸನದಲ್ಲಿಯೇ ಬರೆಯಿತು. ಕರ್ನಾಟಕವು ಅದೇ ವರುಷ ತನ್ನ ಕಾಯಿದೆಯನ್ನು ಮಾಡಿ 2015ರಲ್ಲಿ ಅದನ್ನು ವಿಸ್ತಾರವಾಗಿ ತಿದ್ದಿತು.

ಈ ಕಾಯಿದೆಯ ಪ್ರಕಾರ ಕೇರಿಯವರು ಜನವಸತಿ ಸಭೆಯಲ್ಲಿಯೂ, ವಾರ್ಡಿನವರು ವಾರ್ಡ್ ಸಭೆಯಲ್ಲಿಯೂ, ಕಡೆಗೆ ಎಲ್ಲರೂ ಗ್ರಾಮಸಭೆಯಲ್ಲಿಯೂ ಕೂಡಬೇಕು. ಗ್ರಾಮಸಭೆಯು ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಯಾವ ಬೀದಿಗೆ ಚರಂಡಿ, ಯಾವ ಕೇರಿಗೆ ನಳದ ನೀರು, ಯಾವ ಬಡವನಿಗೆ ಮನೆ ಎಂಬದನ್ನು ಅಲ್ಲಿ ಮಾತಾಡಿ ಗೊತ್ತುಮಾಡಬೇಕು. ಪಂಚಾಯತಿಯ ಲೆಕ್ಕವನ್ನು ಅಲ್ಲಿ ಓದಿ ಹೇಳಬೇಕು. ಪಟ್ಟಣದವರಿಗೆ ಸಂವಿಧಾನವು ಇಷ್ಟು ನೇರವಾದ ಹಕ್ಕನ್ನು ಕೊಡಲಿಲ್ಲ. 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಪಟ್ಟಣಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು 74ನೆಯ ತಿದ್ದುಪಡಿ ಹೇಳುತ್ತದೆಯೇ ಹೊರತು, ಮತದಾರರೆಲ್ಲರೂ ಕೂಡುವ ಸಭೆಯ ಮಾತು ಅದರಲ್ಲಿಲ್ಲ. ಹೀಗಿರಲಾಗಿ, ಈ ಒಂದು ವಿಷಯದಲ್ಲಿ ಹಳ್ಳಿಯವನು ಪಟ್ಟಣದವನಿಗಿಂತ ದೊಡ್ಡವನೆಂದು ಹೇಳಬಹುದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಒಂದು ಊರನ್ನು ಮನಸ್ಸಿನಲ್ಲಿ ಎಣಿಸಿಕೊಳ್ಳಿರಿ. ಮೇಲಿನ ಬೀದಿಯ ಮನೆಗಳಿಗೆ ನಳದಲ್ಲಿ ನೀರು ಚೆನ್ನಾಗಿ ಬರುತ್ತದೆ. ಕೆಳಗಿನ ಕೇರಿಯು ಕೊಳಾಯಿಯ ಕೊನೆಯಲ್ಲಿದೆ. ಅಲ್ಲಿಗೆ ನೀರು ಮುಟ್ಟುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಗ್ರಾಮಸಭೆಯಲ್ಲಿ ಆ ಕೇರಿಯ ಹೆಂಗಸೊಬ್ಬಳು ಎದ್ದು ತನ್ನ ಕಷ್ಟವನ್ನು ಹೇಳುತ್ತಾಳೆ. "ನಿಮ್ಮ ಕೇರಿಯಲ್ಲಿ ಬೋರು ಉಂಟಲ್ಲಾ, ಕೂತುಕೋ ಅಮ್ಮಾ" ಎಂದು ಒಬ್ಬನು ಗದರಿಸುತ್ತಾನೆ. ಆ ಬೋರು ಕೆಟ್ಟು ವರುಷವಾಯಿತೆಂಬದು ಮೇಲಿನ ಬೀದಿಯವರಿಗೆ ಗೊತ್ತಿದೆ. ಅವರಲ್ಲಿ ಒಬ್ಬನು ಎದ್ದು, "ಅಕ್ಕ ಹೇಳುವದು ನಿಜ, ನಾನೂ ನೋಡಿದ್ದೇನೆ" ಎಂದಿದ್ದರೆ ಸಾಕಾಗಿತ್ತು. ಆದರೆ ಅವರಿಗೆ ನೀರಿನ ಕೊರತೆಯಿಲ್ಲ. ಆದಕಾರಣ ಅವರು ಸಭೆಗೇ ಬರಲಿಲ್ಲ. ಆಕೆ ಕೂತುಕೊಂಡಳು. ಪುಸ್ತಕದಲ್ಲಿ ಆಕೆಯ ಮಾತು ಬರೆಯಲ್ಪಡಲಿಲ್ಲ.

ಇಲ್ಲಿ ತಪ್ಪು ಯಾರದು? ಗದರಿಸಿದವನದೆಂದು ಎಲ್ಲರೂ ಹೇಳುವರು. ಆದರೆ ಅವನೊಬ್ಬನ ದನಿಗೆ ಅಷ್ಟು ಬಲ ಬಂದದ್ದು ಎಲ್ಲಿಂದ? ಮನೆಯಲ್ಲಿ ಕೂತವರ ಮೌನದಿಂದಲೇ. ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮ ಹಿರಿಯರು ಹೇಳುವದುಂಟು. ಸಭೆಯಲ್ಲಿ ಇಲ್ಲದವನ ಅಭಿಪ್ರಾಯವು ಯಾವ ಪಕ್ಷಕ್ಕೂ ಸೇರುವದಿಲ್ಲವೆಂದು ನಾವು ಎಣಿಸುತ್ತೇವೆ. ಅದು ಹಾಗಲ್ಲ, ಅದು ಬಲವುಳ್ಳವನ ಪಕ್ಷಕ್ಕೆ ತಾನಾಗಿಯೇ ಸೇರಿಕೊಳ್ಳುತ್ತದೆ. ಕೊರತೆಯುಳ್ಳವನು ಮಾತಾಡಿದರೆ "ಇವನು ತನ್ನ ಹೊಟ್ಟೆಗಾಗಿ ಮಾತಾಡುತ್ತಾನೆ" ಅನ್ನುತ್ತಾರೆ. ಕೊರತೆಯಿಲ್ಲದವನು ಅದೇ ಮಾತನ್ನು ಆಡಿದರೆ ಸಾಕ್ಷಿಯೆಂದು ಎಣಿಸುತ್ತಾರೆ. ಆದದರಿಂದ ಸಭೆಯಿಂದ ಏನೂ ಬೇಡದವನಿಗೇ ಸಭೆಗೆ ಹೋಗುವ ಋಣ ಹೆಚ್ಚಾಗಿದೆ.

ಇದಲ್ಲದೆ ಇನ್ನೊಂದು ಸಂಗತಿಯುಂಟು. ಸಭೆಯ ಸದಸ್ಯರಲ್ಲಿ ಹತ್ತರಲ್ಲೊಂದು ಪಾಲು ಅಥವಾ 100 ಮಂದಿ, ಇವೆರಡರಲ್ಲಿ ಯಾವದು ಕಡಿಮೆಯೋ ಅಷ್ಟು ಜನರು ಕೂಡದಿದ್ದರೆ ಗ್ರಾಮಸಭೆಗೆ ಕೋರಂ ಇಲ್ಲ. ಜನ ಬಾರದಿದ್ದಾಗ ಕೆಲವು ಊರುಗಳಲ್ಲಿ ಪುಸ್ತಕವೇ ಮನೆಮನೆಗೆ ಬರುತ್ತದೆ. "ಒಂದು ಸಹಿ ಹಾಕಿರಿ, ಅಷ್ಟೇ" ಎಂದು ತಂದವರು ಹೇಳುತ್ತಾರೆ. ದಾಕ್ಷಿಣ್ಯದ ಮನುಷ್ಯನು ಹಾಕಿಬಿಡುತ್ತಾನೆ. ಹೋಗದ ಸಭೆಗೆ ಹೋಗಿದ್ದೆನೆಂದೂ, ಕೇಳದ ಲೆಕ್ಕವನ್ನು ಕೇಳಿ ಒಪ್ಪಿದೆನೆಂದೂ ಆ ಸಹಿಯು ಹೇಳುತ್ತದೆ. ಬಾಯಿಂದ ಸುಳ್ಳಾಡಲು ಅಂಜುವ ನಾವು ಹೆಬ್ಬೆರಳಿನಿಂದ ಸುಳ್ಳಾಡಬಹುದೋ? ಆ ಒಂದು ಗುರುತಿನ ಬಲದಿಂದ ಒಬ್ಬ ಬಡವನ ಹೆಸರು ಮನೆಯ ಪಟ್ಟಿಯಿಂದ ಬಿಟ್ಟುಹೋದರೆ, "ನಾನು ಯಾರ ತಂಟೆಗೂ ಹೋಗಲಿಲ್ಲ" ಎಂದು ಹೇಳಲು ನಮಗೆ ಬಾಯಿ ಉಂಟೋ?

ಇದಕ್ಕೆ ಜನರು ಹೇಳುವ ಆಕ್ಷೇಪಗಳನ್ನೂ ನ್ಯಾಯವಾಗಿ ವಿಚಾರಿಸಬೇಕು.

ಮೊದಲನೇದು, "ಒಂದು ದಿನದ ಕೂಲಿ ಹೋಗುತ್ತದೆ" ಎಂಬದು. ಕೂಲಿಯಿಂದಲೇ ಒಲೆ ಹೊತ್ತಿಸುವವನ ಬಾಯಲ್ಲಿ ಇದು ಸತ್ಯವಾದ ಮಾತು. ಅವನನ್ನು ದೂಷಿಸುವದು ತರವಲ್ಲ. ಆದರೆ ಹೊಲಮನೆಯುಳ್ಳವನೂ ಪಿಂಚಣಿ ಪಡೆಯುವವನೂ ಈ ಮಾತನ್ನು ಅವನಿಂದ ಕಡ ತಂದು ಆಡಬಾರದು. ಅವರು ಹೋಗಿ, ಬಾರದವನ ಅಹವಾಲನ್ನು ತಾವು ಹೇಳಿ ಬರಲಿ.

ಎರಡನೇದು, "ಅಲ್ಲಿ ಬರೇ ಜಗಳ" ಎಂಬದು. ಜಗಳವಿರುವದು ನಿಜ. ಆದರೆ ಸಮಾಧಾನವುಳ್ಳವರೆಲ್ಲರೂ ಮನೆಯಲ್ಲಿದ್ದರೆ ಸಭೆಯಲ್ಲಿ ಜಗಳಗಂಟರಲ್ಲದೆ ಮತ್ತ್ಯಾರು ಇರುವರು? ಮನುಷ್ಯನ ಮೇಲೆ ಹೋಗದೆ ವಿಷಯದ ಮೇಲೆ ಮಾತಾಡುವ ನಾಲ್ಕು ಮಂದಿ ಕೂತಿದ್ದರೆ ಕೂಗಾಡುವವನ ದನಿಯೂ ಇಳಿಯುವದು.

ಮೂರನೇದು, "ಹೆಂಗಸರಿಗೆ ಅಲ್ಲೇನು ಕೆಲಸ?" ಎಂಬದು. 2010ರಿಂದ ನಮ್ಮ ರಾಜ್ಯದ ಪಂಚಾಯತಿಗಳಲ್ಲಿ ಅರ್ಧ ಸ್ಥಾನಗಳು ಸ್ತ್ರೀಯರವೇ. ನೀರು ಹೊರುವವಳಿಗೆ ಗೊತ್ತಿರುವಷ್ಟು ನೀರಿನ ವಿಷಯ ಬೇರೆ ಯಾರಿಗೆ ಗೊತ್ತು? ಸದಸ್ಯಳಾದ ಹೆಂಡತಿಯ ಕುರ್ಚಿಯಲ್ಲಿ ಗಂಡನು ಕೂತು ಮಾತಾಡಿದರೆ ಅವನು ಆಕೆಯ ಬಾಯನ್ನು ಮಾತ್ರವಲ್ಲ, ಆಕೆಯನ್ನು ಆರಿಸಿದವರ ಬಾಯನ್ನೂ ಮುಚ್ಚಿದ ಹಾಗಾಯಿತು.

ನಾಲ್ಕನೇದು, ಎಲ್ಲಕ್ಕಿಂತ ಹೆಚ್ಚಾಗಿ ಕೇಳಬರುವದು: "ನಮ್ಮ ಮಾತಿಗೆ ಬೆಲೆಯೆಲ್ಲಿ? ದೊಡ್ಡವರು ಮಾಡಿದ್ದೇ ಆಗುತ್ತದೆ" ಎಂಬದು. ಇದಕ್ಕೆ ಉತ್ತರವಾಗಿ ದೂರದೇಶದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅಮೇರಿಕಾ ದೇಶದ ಲಾಸ್ ಏಂಜಲೀಸ್ ಎಂಬ ಮಹಾಪಟ್ಟಣದಲ್ಲಿ, ನಗರಸಭೆಯು ತಮ್ಮ ಮೊರೆಯನ್ನು ಕೇಳುವದಿಲ್ಲವೆಂದು ಸಾನ್ ಫರ್ನಾಂಡೋ ಕಣಿವೆಯ ಅನೇಕರು ಬೇಸತ್ತು, ಪಟ್ಟಣದಿಂದಲೇ ಬೇರೆಯಾಗಲು ಯತ್ನಿಸುತ್ತಿದ್ದರು. ಆ ಕಾಲದಲ್ಲಿ, 1999ರಲ್ಲಿ, ಪಟ್ಟಣದ ಮತದಾರರು ಒಂದು ಹೊಸ ನಗರಶಾಸನವನ್ನು ಅಂಗೀಕರಿಸಿದರು. ಅದರ ಪ್ರಕಾರ ಪಟ್ಟಣದ ಭಾಗಭಾಗಗಳಲ್ಲಿ ನೆರೆಹೊರೆಯ ಸಭೆಗಳು ಹುಟ್ಟಿದವು. ಈಗ ಅಂಥವು ಸುಮಾರು 100 ಇವೆ. ಅವುಗಳಲ್ಲಿ ಕೂತುಕೊಳ್ಳುವವರಿಗೆ ಸಂಬಳವಿಲ್ಲ. ಆ ಭಾಗದಲ್ಲಿ ವಾಸಿಸುವವನು ಮಾತ್ರವಲ್ಲ, ಅಲ್ಲಿಗೆ ಬಂದು ಕೆಲಸಮಾಡುವವನೂ ನೆರೆಯವನೆಂದೇ ಎಣಿಸಲ್ಪಟ್ಟು ಮತ ಕೊಡಬಹುದು. 2002ರ ಮತದಾನದಲ್ಲಿ ಬೇರ್ಪಡುವ ಪ್ರಯತ್ನವು ಸೋತಿತು. ಈ ಸಭೆಗಳು ಉಳಿದವು.

ಇವುಗಳಿಗೆ ಕಾನೂನು ಕೊಟ್ಟ ಬಲವೆಷ್ಟು? ನಗರಸಭೆಗೆ ಬುದ್ಧಿ ಹೇಳಬಹುದು, ಅಷ್ಟೇ. ನಗರಸಭೆಯು ಕೇಳಲೇಬೇಕೆಂಬ ನಿಯಮವಿಲ್ಲ. ಆದರೂ 2004ರಲ್ಲಿ ನೀರಿನ ಇಲಾಖೆಯು ಸುಂಕವನ್ನು ನೂರಕ್ಕೆ 18ರಷ್ಟು ಏರಿಸಲು ಹೊರಟಾಗ ಹಲವು ನೆರೆಹೊರೆಯ ಸಭೆಗಳು ಲೆಕ್ಕ ಕೇಳಿ ವಿರೋಧಿಸಿದವು. ಏರಿಕೆಯು ನೂರಕ್ಕೆ 11ಕ್ಕೆ ಇಳಿಯಿತು. ಬುದ್ಧಿ ಹೇಳುವದರ ಹೊರತು ಬೇರೆ ಅಧಿಕಾರವಿಲ್ಲದವರು ಕೂಡಿ ಕೇಳಿದ್ದರಿಂದ ಇಷ್ಟಾಯಿತು. ನಮ್ಮ ಗ್ರಾಮಸಭೆಗಾದರೋ ಕಾಯಿದೆಯೇ ಅಧಿಕಾರ ಕೊಟ್ಟಿದೆ. ಹೀಗಿದ್ದರೂ "ನಮ್ಮ ಮಾತಿಗೆ ಬೆಲೆಯಿಲ್ಲ" ಎಂದು ಕೂತುಕೊಳ್ಳುವದು, ಕೈಯಲ್ಲಿ ಬೀಗದ ಕೈ ಹಿಡಿದುಕೊಂಡು ಬಾಗಿಲು ತೆರೆಯದೆಂದು ಅಳುವ ಹಾಗಲ್ಲವೇ?

ಆದರೆ ಆ ಪಟ್ಟಣದಿಂದ ಎಚ್ಚರಿಕೆಯ ಪಾಠವೂ ಉಂಟು. ಅಲ್ಲಿಯೂ ಮತ ಕೊಡಲು ಬರುವವರು ಸ್ವಲ್ಪವೇ ಮಂದಿ. ಮತ್ತು ಆ ಸಭೆಗಳಲ್ಲಿ ಸ್ವಂತ ಮನೆಯುಳ್ಳವರು ಹೆಚ್ಚಾಗಿಯೂ ಬಾಡಿಗೆಯವರು ಕಡಿಮೆಯಾಗಿಯೂ ಕೂತುಕೊಳ್ಳುವದನ್ನು ಅನೇಕರು ಕಂಡು ಹೇಳಿದ್ದಾರೆ. ಆದಕಾರಣ ಸಭೆಗೆ ಹೋದರೆ ಸಾಲದು; ಯಾರಿಗಾಗಿ ಹೋದೆವೆಂಬದನ್ನೂ ಕೇಳಿಕೊಳ್ಳಬೇಕು. ತನ್ನ ಮನೆಯ ಮುಂದಿನ ಚರಂಡಿಯ ಮಾತು ಮುಗಿದ ಕೂಡಲೆ ಟವಲು ಕೊಡವಿ ಏಳುವವನು ಮನೆಯಲ್ಲಿ ಕೂತವನಿಗಿಂತ ಬಹಳ ಮೇಲಾದವನೇನಲ್ಲ.

ಈ ವಿಷಯದಲ್ಲಿ ನಮ್ಮಂಥ ಚಿಕ್ಕ ಮಂಡಲಿಗಳವರಿಗೆ ಒಂದು ವಿಶೇಷವಾದ ಶೋಧನೆಯುಂಟು. ನಾವು ಊರಲ್ಲಿ ಕೆಲವೇ ಮನೆಯವರು. ಭಾನುವಾರ ಕೂಡುವ ನಮ್ಮ ಕೂಟಕ್ಕೂ ಸಭೆ ಎಂಬದೇ ಹೆಸರು. ಆ ಸಭೆಯೊಂದು ಸಾಕು, ಊರಿನ ಸಭೆ ನಮಗಲ್ಲ ಎಂದು ಕೆಲವರು ಎಣಿಸುತ್ತಾರೆ. ಇನ್ನು ಕೆಲವರು ಹೋಗುತ್ತಾರೆ, ಆದರೆ ನಮ್ಮವರ ಪಾಲು ಕೇಳುವದಕ್ಕೆ ಮಾತ್ರ ಹೋಗುತ್ತಾರೆ. ಒಂದು ಸಂಗತಿಯನ್ನು ಎಣಿಸಿರಿ. ವಾರ್ಡಿಗೆ ಒಂದೇ ಮನೆ ಮಂಜೂರಾಗಿದೆ. ಕೇಳುವವರು ಇಬ್ಬರು. ಒಬ್ಬನು ನಮ್ಮ ಮಂಡಲಿಯವನು, ನಮಗೆ ನೆಂಟನು. ಅವನ ಮನೆಯ ಹೆಂಚು ಸೋರುತ್ತದೆ. ಇನ್ನೊಬ್ಬಳು ಬೇರೆ ಕೇರಿಯ ವಿಧವೆ, ಬೇರೆ ದೇವರಿಗೆ ಕೈಮುಗಿಯುವವಳು. ಆಕೆಗೆ ಸೋರುವ ಹೆಂಚೂ ಇಲ್ಲ, ಇಬ್ಬರು ಮಕ್ಕಳೊಂದಿಗೆ ಪರರ ಜಗಲಿಯ ಮೇಲೆ ಮಲಗುತ್ತಾಳೆ. "ಯಾರಿಗೆ ಕೊಡೋಣ?" ಎಂದು ಅಧ್ಯಕ್ಷರು ಕೇಳುತ್ತಾರೆ. ಆಗ ನಮ್ಮ ಬಾಯಿ ಯಾರ ಹೆಸರನ್ನು ಹೇಳುವದು? ಪಂಕ್ತಿಯಲ್ಲಿ ಪರಪಂಕ್ತಿ ಮಾಡಿದವರನ್ನು ನಾವು ಎಷ್ಟೋ ಸಾರಿ ದೂರಿದ್ದೇವೆ. ಸೌಟು ನಮ್ಮ ಕೈಗೆ ಬಂದಾಗ ಹೇಗೆ ಬಡಿಸುತ್ತೇವೆಂಬದೇ ಪರೀಕ್ಷೆ. ನೆಂಟನಿಗೆ ನೋವಾಗುವದು, ಮನೆಯಲ್ಲಿ ಮಾತು ಬೆಳೆಯುವದು. ಆದರೂ ಆ ವಿಧವೆಯ ಹೆಸರನ್ನೇ ಹೇಳಬೇಕೆಂದು ನಮ್ಮ ಮನಸ್ಸಾಕ್ಷಿಗೆ ಗೊತ್ತಿದೆ. ಹಾಗೆ ಹೇಳಿ, ಅವನಿಗೆ ಮುಂದಿನ ಪಟ್ಟಿಯಲ್ಲಿ ಸ್ಥಳ ಕೇಳಿ, ಈ ಮಳೆಗಾಲಕ್ಕೆ ಮುಂಚೆ ನಾವೇ ನಾಲ್ಕು ಮಂದಿ ಕೂಡಿ ಅವನ ಹೆಂಚನ್ನು ಕೈಯಾಡಿಸಿ ಕೊಡೋಣ. ಆಗ ಊರಿಗೆ ನ್ಯಾಯವಾಗುವದು, ನೆಂಟನನ್ನು ಕೈಬಿಟ್ಟ ಹಾಗೂ ಆಗುವದಿಲ್ಲ.

ಕಡೆಗೆ ಕೆಲವು ಮಾತುಗಳು. ಮುಂದಿನ ಸಭೆಯ ದಿನವನ್ನು ಪಂಚಾಯತಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಿರಿ. ಹೋಗುವ ಮುಂಚೆ ಕೇರಿಯನ್ನು ಒಮ್ಮೆ ನಡೆದು ನೋಡಿರಿ; ಹಾಸಿಗೆ ಹಿಡಿದ ಮುದುಕರನ್ನೂ ಒಂಟಿ ಹೆಂಗಸರನ್ನೂ ಕೇಳಿರಿ. ಸಭೆಯಲ್ಲಿ ಆದ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಎಲ್ಲರ ಮುಂದೆ ಓದಿ ಹೇಳಬೇಕೆಂದು ವಿನಯದಿಂದ ಕೇಳಿರಿ. ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿರಿ. ಹೋಗದ ಸಭೆಗೆ ಸಹಿ ಮಾತ್ರ ಎಂದಿಗೂ ಬೇಡ. ಮೊದಲನೆಯ ಸಾರಿ ನಿಮ್ಮ ಮಾತು ಸಾಗದೆ ಹೋಗಬಹುದು, ಎರಡನೆಯ ಸಾರಿಯೂ ಹಾಗೆಯೇ ಆಗಬಹುದು. ಆದರೂ ಕೆಳಗಿನ ಕೇರಿಯ ಆ ಹೆಂಗಸು ಎದ್ದು ನಿಂತಾಗ, "ಅಕ್ಕ ಹೇಳುವದು ನಿಜ" ಎಂದು ಹೇಳುವದಕ್ಕೆ ಒಬ್ಬರಾದರೂ ಅಲ್ಲಿರಲಿ. ಆ ಒಬ್ಬರು ನೀವಾಗಿರ್ರಿ.