ಮುಖವು ಯಾರ ಸೊತ್ತು?

ಹೊಲಮನೆಗಳಿಲ್ಲದವನಿಗೂ ತನ್ನದೆಂದು ಹೇಳಿಕೊಳ್ಳಲು ಮುಖವೊಂದಿರುತ್ತದೆ. ವಿಚಿತ್ರವೇನೆಂದರೆ ಆ ಮುಖವನ್ನು ಅವನೊಬ್ಬನೇ ಕಾಣಲಾರ, ಉಳಿದವರೆಲ್ಲರೂ ಕಾಣಬಲ್ಲರು. ಛಾಯಾಚಿತ್ರವು ಬಂದ ಮೇಲೆ ಕಂಡವರು ಅದನ್ನು ಕೊಂಡೊಯ್ಯಲೂ ಸಮರ್ಥರಾದರು. ನಮ್ಮಂತಹವರ ಚಿತ್ರ ತೆಗೆದಾಗ ಇದರಿಂದ ತೊಡಕೇನೂ ಇಲ್ಲ, ಪ್ರತಿಯು ನಮ್ಮ ಮನೆಯ ಗೋಡೆಗೇ ಬಂದು ಸೇರುತ್ತದೆ. ಸಮಾಜವು ತನ್ನ ಪಂಕ್ತಿಯಿಂದೆಬ್ಬಿಸಿ ಹೊರಗೆ ನಿಲ್ಲಿಸಿದವರ ಮುಖವನ್ನು ಸೆರೆಹಿಡಿದಾಗ ಮಾತ್ರ, ಇದು ಯಾರ ಸೊತ್ತೆಂಬ ಪ್ರಶ್ನೆ ಏಳುತ್ತದೆ. ಸೇಲಂ, ಧರ್ಮಪುರಿ ಸೀಮೆಗಳಲ್ಲಿ ನೆಲೆಸಿರುವ ನಮಗೆ ಇದು ದೂರದ ತತ್ತ್ವವಿಚಾರವಲ್ಲ.

ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮೇಲ್ವಿಚಾರಕರಾಗಿದ್ದ ಎಡ್ಗರ್ ಥರ್ಸ್ಟನ್ನರು ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳನ್ನು ಕುರಿತ ಏಳು ಸಂಪುಟಗಳನ್ನು 1909ರಲ್ಲಿ ಹೊರತಂದರು. ಅಳತೆಗೋಲು ಮತ್ತು ಕ್ಯಾಮರಾ ಅವರ ಆಯುಧಗಳು. ವಯನಾಡಿನ ಪಣಿಯ ಹೆಂಗಸರು ಅವರನ್ನು ಕಂಡು ಓಡಿಹೋದರಂತೆ. ತಮ್ಮಲ್ಲಿ ಚೆಲುವಾಗಿರುವವರನ್ನು ಹಿಡಿದು, ಒಳಗೆ ಹುಲ್ಲು ತುಂಬಿ, ಸಂಗ್ರಹಾಲಯದಲ್ಲಿ ನಿಲ್ಲಿಸುವನೆಂದು ಅವರ ಭಯ. ನೀಲಗಿರಿಯ ಇರುಳನೊಬ್ಬನು ಹಳೆಯದೊಂದು ಸಣ್ಣ ಅಪರಾಧಕ್ಕೆ ಪೊಲೀಸರಿಗೆ ಬೇಕಾದವನಾಗಿದ್ದನು. ಎತ್ತರ ಅಳೆಯುವ ಕಂಬವನ್ನು ನೇಣುಗಂಬವೆಂದು ಬಗೆದು ಅದರ ಬಳಿ ನಿಲ್ಲಲು ಖಂಡಿತವಾಗಿ ಒಪ್ಪಲಿಲ್ಲ. ಥರ್ಸ್ಟನ್ನರು ಇವನ್ನೆಲ್ಲ ವಿನೋದವಾಗಿ ಬರೆದಿಟ್ಟಿದ್ದಾರೆ. ನಮಗಾದರೋ ನಗು ಬರುವುದಿಲ್ಲ. ಕೈದಿಯನ್ನು ಎದುರಿನಿಂದಲೂ ಪಕ್ಕದಿಂದಲೂ ಚಿತ್ರಿಸಿ ಅಂಗಾಂಗಗಳನ್ನು ಅಳೆದಿಡುವ ಪದ್ಧತಿಯನ್ನು ಪ್ಯಾರಿಸ್ಸಿನ ಪೊಲೀಸ್ ಅಧಿಕಾರಿ ಬೆರ್ತಿಯೋನ್ ರೂಢಿಗೆ ತಂದದ್ದು 1880ರ ದಶಕದಲ್ಲಿ. ಶಾಸ್ತ್ರಜ್ಞನ ಕಂಬಕ್ಕೂ ಪೊಲೀಸರ ಕಂಬಕ್ಕೂ ಇದ್ದ ಬಂಧುತ್ವವನ್ನು ಆ ಇರುಳನು ಓದುಬರಹವಿಲ್ಲದೆಯೇ ಗ್ರಹಿಸಿದ್ದನು.

ಹಾಗೆಂದು ಆ ಸಂಪುಟಗಳನ್ನು ಸುಟ್ಟುಬಿಡಬೇಕೆನ್ನುವವರು ನಾವಲ್ಲ. ಇನ್ನೆಲ್ಲಿಯೂ ಉಳಿಯದ ಎಷ್ಟೋ ಆಚಾರಗಳು, ಒಡವೆಗಳು, ಮುಖಗಳು ಅವುಗಳಲ್ಲಿ ಉಳಿದಿವೆ. ನಮ್ಮ ತಕರಾರು ಚಿತ್ರದ ಕೆಳಗಿನ ಬರಹವನ್ನು ಕುರಿತದ್ದು. ಅಲ್ಲಿ ವ್ಯಕ್ತಿಯ ಹೆಸರಿರುವುದಿಲ್ಲ, ಕುಲದ ಹೆಸರಿರುತ್ತದೆ. ಒಬ್ಬನ ಮುಖವು ಒಂದು ಕುಲದ ಮುಖವಾದ ಮೇಲೆ, ಒಬ್ಬನ ಕಳವು ಒಂದು ಕುಲದ ಕಳವಾಗಲು ಎಷ್ಟು ಹೊತ್ತು?

ಹೆಚ್ಚು ಹೊತ್ತು ಹಿಡಿಯಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು 1911ರಲ್ಲಿ ಮದರಾಸು ಪ್ರಾಂತಕ್ಕೂ ವ್ಯಾಪಿಸಿತು. ಎತ್ತು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿ ಮಾರುತ್ತಿದ್ದ ಕೊರವರು (ನಮ್ಮ ಕಡೆಯವರು ಕೊರಮರು, ಕೊರಚರು ಎನ್ನುವುದು ಇವರ ಬಳಗವನ್ನೇ) ರೈಲು ಬಂದು ವ್ಯಾಪಾರ ಕೆಟ್ಟ ಮೇಲೆ ಹುಟ್ಟು ಕಳ್ಳರೆನಿಸಿಕೊಂಡರು. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಆದರೂ ತಮಿಳುನಾಡಿನ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ 'ಸೇಲಂ ಉಪ್ಪು ಕೊರವರು' ಎಂಬ ಹೆಸರು ಉಳಿದಿದೆ. ಅವರ ಉಪ್ಪೂ ನಮ್ಮ ಊರೂ ಒಂದೇ ಹೆಸರಿನಲ್ಲಿ ಸೇರಿಕೊಂಡಿವೆ.

ಇಲ್ಲಿ 1920ರ ಕೈದಿಗಳ ಗುರುತಿನ ಕಾಯಿದೆಯ ಒಂದು ಮಾತನ್ನು ನೆನೆಯಬೇಕು. ಹಿಂದೆ ಹೆಚ್ಚಿನ ಶಿಕ್ಷೆಗೆ ಗುರಿಯಾಗದವನೊಬ್ಬನು ನಿರ್ದೋಷಿಯೆಂದು ಬಿಡುಗಡೆಯಾದರೆ, ನ್ಯಾಯಾಲಯವು ಬೇರೆ ಆಜ್ಞೆ ಮಾಡದ ಹೊರತು, ಅವನ ಛಾಯಾಚಿತ್ರಗಳನ್ನು, ಮೂಲಫಲಕವನ್ನೂ ಒಳಗೊಂಡು, ನಾಶಮಾಡಬೇಕು ಅಥವಾ ಅವನಿಗೇ ಒಪ್ಪಿಸಬೇಕು. ಪರಕೀಯ ಸರ್ಕಾರದ ಕಠೋರ ಶಾಸನವೊಂದು ಮುಖವನ್ನು ಅದರ ಒಡೆಯನಿಗೆ ಹಿಂದಿರುಗಿಸುವ ಮಾತನಾಡಿತ್ತು! 2022ರ ಹೊಸ ಕಾಯಿದೆಯು ಅದರ ಸ್ಥಾನಕ್ಕೆ ಬಂದಿದೆ; ಸಂಗ್ರಹಿಸಿದ ಗುರುತುಗಳನ್ನು ಅದು 75 ವರ್ಷ ಕಾದಿಡುತ್ತದೆ. ನಿರ್ದೋಷಿಗೆ ವಿನಾಯಿತಿ ಅಲ್ಲಿಯೂ ಉಂಟು.

ಕಲಾವಿದನಾದರೂ ಇದಕ್ಕಿಂತ ಉತ್ತಮನೇ? ಕೆಲವರು ಅಹುದು. ಜರ್ಮನಿಯ ಆಗಸ್ಟ್ ಸಾಂಡರ್ ಕಾರ್ಖಾನೆಯ ಒಡೆಯನನ್ನೂ ರೈತನನ್ನೂ ಭಿಕ್ಷುಕನನ್ನೂ ಒಂದೇ ತಾಳ್ಮೆಯಿಂದ, ಒಂದೇ ಗೌರವದಿಂದ ಚಿತ್ರಿಸಿದನು. ಅವನೂ ಹೆಸರಿಗೆ ಬದಲು ಕಸುಬನ್ನೇ ಬರೆದನೆಂಬುದು ದಿಟ. ಆದರೆ ಒಡೆಯನಿಗೂ ಅದೇ ನ್ಯಾಯ. 1929ರಲ್ಲಿ ಬಂದ ಅವನ ಪುಸ್ತಕದ ಅಚ್ಚುಫಲಕಗಳನ್ನು 1936ರಲ್ಲಿ ನಾಜಿಗಳು ನಾಶಪಡಿಸಿದರು. ಎಲ್ಲರನ್ನೂ ಒಂದೇ ಎತ್ತರದಲ್ಲಿ ನಿಲ್ಲಿಸುವ ಚಿತ್ರವನ್ನು ಅಂತಹ ಸರ್ಕಾರವು ಸಹಿಸೀತೆ?

ಇನ್ನು ನಮ್ಮ ಕಾಲದ, ನಮ್ಮ ಕಾಡಿನ ಮಾತು. ಗೋಪಿನಾಥಂ ಗ್ರಾಮದ ವೀರಪ್ಪನ್ನನ ಮುಖವನ್ನು ಅರಿಯದ ಮಗುವಿಲ್ಲ. ನಕ್ಕೀರನ್ ಪತ್ರಿಕೆಯ ಚಿತ್ರಗಳಿಂದ ಆ ಮೀಸೆ ಮನೆಮನೆಗೂ ಬಂದಿತು. 2004ರ ಅಕ್ಟೋಬರ್ 18ರಂದು ಧರ್ಮಪುರಿಯ ಪಾಪ್ಪಾರಪಟ್ಟಿಯ ಬಳಿ ಅವನು ಹತನಾದಾಗ, ಮೀಸೆಯನ್ನು ಮೊಟಕುಗೊಳಿಸಿದ್ದ ಶವದ ಚಿತ್ರವನ್ನು ನೋಡಿ ಇವನೇ ಅವನೋ ಎಂದು ಶಂಕಿಸಿದವರಿದ್ದರು. ಕೊಲೆಗಡುಕನ ಮುಖ ಹೀಗೆ ಜನಜನಿತವಾಯಿತು; ನೋಡುವ ನಮ್ಮ ಕಣ್ಣಿಗೆ ಅದರಲ್ಲೊಂದು ರುಚಿಯೂ ಇತ್ತೆಂಬುದನ್ನು ಮರೆಮಾಚಬಾರದು.

ಅದೇ ಶ್ರೀಗಂಧದ ಹೆಸರಿನಲ್ಲಿ ಅದೇ ಧರ್ಮಪುರಿ ಜಿಲ್ಲೆಯ ವಾಚಾತಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ನುಗ್ಗಿದರು. ಗುಡ್ಡಗಾಡಿನ ಜನರನ್ನು ಗಂಧದ ಕಳ್ಳರೆಂದು ಹೊಡೆದರು. 18 ಮಂದಿ ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. 2011ರಲ್ಲಿ ತೀರ್ಪು ಬಂದಾಗ 269 ಆರೋಪಿಗಳ ಪೈಕಿ 54 ಮಂದಿ ತೀರಿಕೊಂಡಿದ್ದರು. ಉಳಿದ 215 ಮಂದಿಯೂ ಅಪರಾಧಿಗಳೆಂದಾಯಿತು. 2023ರ ಸೆಪ್ಟೆಂಬರ್ 29ರಂದು ಮದರಾಸು ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಈ 215 ಮಂದಿಯಲ್ಲಿ ಒಬ್ಬನ ಮುಖವಾದರೂ ನಮ್ಮ ವಾಚಕರ ನೆನಪಿನಲ್ಲಿದೆಯೇ? ಅವರು ಸಮಾಜದ ಒಳಗಿನವರು, ಸಮವಸ್ತ್ರದವರು. ಅವರ ಮುಖವನ್ನು ಯಾರೂ ಕುತೂಹಲದಿಂದ ಅರಸಲಿಲ್ಲ.

ಆ ಹೆಣ್ಣುಮಕ್ಕಳ ಗುರುತನ್ನು ಪ್ರಕಟಿಸದಂತೆ ಕಾನೂನು ತಡೆದಿದೆ. ಜೊತೆಗೆ ಇನ್ನೊಂದು ಬಾಗಿಲನ್ನೂ ತೆರೆದಿರಿಸಿದೆ: ಆಕೆಯೇ ಬರಹದಲ್ಲಿ ಒಪ್ಪಿಗೆಯಿತ್ತರೆ ಪ್ರಕಟಿಸಬಹುದು. ಬಹುಕಾಲ ಕಳ್ಳರೆನಿಸಿಕೊಂಡ ಹೆಂಗಸೊಬ್ಬಳು, ನನ್ನ ಮುಖವನ್ನು ಲೋಕ ನೋಡಲಿ, ಎಂದು ನಿರ್ಧರಿಸುವ ಅಧಿಕಾರ ಅವಳದೇ ಆಗಿರಬೇಕೆಂಬುದು ನಮಗೆ ಸರಿಯಾಗಿ ತೋರುತ್ತದೆ. ಆದರೆ ಅಕ್ಷರ ಬಾರದವಳ ಪರವಾಗಿ ಆ ಕಾಗದವನ್ನು ಬರೆಯತಕ್ಕವರು ಯಾರು, ಬರೆದುದನ್ನು ಅವಳ ಮುಂದೆ ಓದಿ ತಿಳಿಸತಕ್ಕವರು ಯಾರು ಎಂಬುದನ್ನು ಆ ಕಲಮು ಹೇಳುವುದಿಲ್ಲ.