ಕಾಡಿಗೆ ಬಿಟ್ಟುಕೊಟ್ಟವರು ಯಾರು?

ಒಂದು ಭಾನುವಾರ ಪೂಜೆ ಮುಗಿದು ಜನ ದೇವಾಲಯದ ಅಂಗಳದಲ್ಲಿ ನಿಂತಿದ್ದರು. ನಮ್ಮ ತಾಳವಾಡಿ ಸೀಮೆಯ ರೈತರೊಬ್ಬರು ರಾತ್ರಿಯೆಲ್ಲ ಹೊಲದ ಅಟ್ಟಣೆಯ ಮೇಲೆ ಎಚ್ಚರವಿದ್ದು, ಮನೆಗೆ ಹೋಗಿ ಮುಖ ತೊಳೆದು ನೇರವಾಗಿ ಪೂಜೆಗೆ ಬಂದಿದ್ದರು. ಕೊಯ್ಲಿಗೆ ಬಂದಿದ್ದ ಅವರ ರಾಗಿಯನ್ನು ಹಿಂದಿನ ವಾರ ಆನೆಗಳು ತುಳಿದಿದ್ದವು. "ಆನೆಗ ಸರ್ಕಾರ ಅದ, ನಮಗ ಯಾರವ್ರ?" ಎಂದರು. ಕಾಲೇಜಿನಲ್ಲಿ ಓದುವ ಅವರ ತಮ್ಮನ ಮಗಳು ಪಕ್ಕದಲ್ಲೇ ಇದ್ದಳು. "ಕಾಡೇ ಇಲ್ದಿದ್ರ ನೀರು ಎಲ್ಲಿಂದ ಬತ್ತದ ದೊಡ್ಡಪ್ಪ? ಆನೆ ತಾನೆ ಎಲ್ಲಿಗ ಹೋಗ್ಬೇಕು?" ಎಂದಳು. ದೊಡ್ಡಪ್ಪ ಸುಮ್ಮನಾದರು. ಕೇಳಿದವರಿಗೆ ಇಬ್ಬರ ಮಾತೂ ನಿಜವೆನಿಸಿತು. ಎರಡೂ ನಿಜವಾದರೆ ನಾವು ಯಾರ ಕಡೆ ನಿಲ್ಲಬೇಕು?

ಮೊದಲು ಮಗಳ ಮಾತನ್ನು ನೋಡೋಣ. ನಮ್ಮನ್ನು ಸುತ್ತುವರಿದಿರುವ ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು. 2011ರಲ್ಲಿ ಅದರ ವಿಸ್ತಾರ ಹೆಚ್ಚಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು. ಸುಮಾರು 1,400 ಚದರ ಕಿಲೋಮೀಟರಿನ ಈ ಕಾಡಿನ ಒಂದು ಕಡೆ ಮುದುಮಲೆ, ಬಂಡೀಪುರ, ಇನ್ನೊಂದು ಕಡೆ ಬಿಳಿಗಿರಿರಂಗನ ಬೆಟ್ಟ. ಪಶ್ಚಿಮ ಘಟ್ಟವನ್ನೂ ಪೂರ್ವ ಘಟ್ಟವನ್ನೂ ಬೆಸೆಯುವ ಜಾಗ ಇದು. ಏಷ್ಯಾದ ಆನೆಗಳ ಅತಿ ದೊಡ್ಡ ನೆಲೆ ಈ ಸೀಮೆಯಲ್ಲೇ ಇದೆ. ಆನೆಯ ಹಿಂಡು ಒಂದೇ ಕಡೆ ನಿಂತು ಬದುಕಲಾರದು. ಮೇವು, ನೀರು ಇದ್ದಲ್ಲಿಗೆ ನಡೆಯುತ್ತಲೇ ಇರಬೇಕು. ನಡುವಿನ ಈ ಕಾಡು ತುಂಡಾದರೆ ಎರಡು ಕಡೆಯ ಕಾಡುಗಳೂ ದ್ವೀಪಗಳಾಗುತ್ತವೆ. ಒಂದು ದಶಕದಲ್ಲಿ ಇಲ್ಲಿ ಹುಲಿಗಳ ಸಂಖ್ಯೆ ದುಪ್ಪಟ್ಟಿಗೂ ಮಿಕ್ಕಿತೆಂದು 2022ರಲ್ಲಿ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ರಕ್ಷಣೆ ಕೊಟ್ಟರೆ ಕಾಡು ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ನಾವೇ ಸಾಕ್ಷಿಗಳು.

ನೀರಿನ ಮಾತೂ ಸುಳ್ಳಲ್ಲ. ನೀಲಗಿರಿಯಲ್ಲಿ ಹುಟ್ಟುವ ಮೋಯಾರು ಈ ಕಾಡುಗಳ ನಡುವೆ ಹರಿದು ಭವಾನಿಸಾಗರ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಕೆಳಗೆ ಎರಡು ಲಕ್ಷ ಎಕರೆಗೂ ಹೆಚ್ಚು ಭೂಮಿಗೆ ನೀರು ಹೋಗುತ್ತದೆ. ಆ ನೀರಿನಲ್ಲಿ ಬೆಳೆ ತೆಗೆಯುವವರಲ್ಲಿ ಎಷ್ಟೋ ಜನ ಜೀವಮಾನದಲ್ಲಿ ಒಂದು ಕಾಡಾನೆಯನ್ನೂ ಕಂಡಿರಲಿಕ್ಕಿಲ್ಲ.

ಉಪಯೋಗದ ಲೆಕ್ಕ ಬಿಟ್ಟರೂ ಪ್ರಶ್ನೆ ಉಳಿಯುತ್ತದೆ. ಯಾವ ಉಪಯೋಗಕ್ಕೂ ಬಾರದ ಒಂದು ಕಪ್ಪೆ, ಒಂದು ಹುಲ್ಲು ಅಳಿದರೆ ನಷ್ಟವೇನು? ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ಪತ್ರದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾರೆ. ಜೀವಜಾತಿಗಳನ್ನು ನಮಗೆ ಮುಂದೆ ಒದಗಬಹುದಾದ ಸರಕು ಎಂದಷ್ಟೇ ಎಣಿಸಬಾರದು, ಅವಕ್ಕೆ ತಮ್ಮದೇ ಬೆಲೆಯಿದೆ ಎನ್ನುತ್ತಾರೆ. ನೆಲದಲ್ಲೂ ಕಡಲಲ್ಲೂ ಅಭಯಧಾಮಗಳನ್ನು ಮಾಡಿದ ದೇಶಗಳನ್ನು ಅದೇ ಪತ್ರದಲ್ಲಿ ಮೆಚ್ಚಿಕೊಂಡಿದ್ದಾರೆ.

ಹಾಗಾದರೆ ದೊಡ್ಡಪ್ಪನ ಮಾತು? ಒಂದು ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಂಚಿನ ಕಬ್ಬು, ಬಾಳೆ, ಮುಸುಕಿನ ಜೋಳ ಅದಕ್ಕೆ ಸಿದ್ಧವಾಗಿ ಬಡಿಸಿದ ಊಟ. ಹೊಲ ಕಾಯುವವರಿಗೆ ತಿಂಗಳುಗಟ್ಟಲೆ ನಿದ್ದೆಯಿಲ್ಲ. ನಿದ್ದೆಗೆಟ್ಟದ್ದಕ್ಕೆ, ಕತ್ತಲಲ್ಲಿ ಜೀವ ಕೈಯಲ್ಲಿ ಹಿಡಿದು ನಡೆದದ್ದಕ್ಕೆ, ಮಗನನ್ನು ಶಾಲೆ ತಪ್ಪಿಸಿ ಕಾವಲಿಗೆ ಕೂರಿಸಿದ್ದಕ್ಕೆ ಪರಿಹಾರದ ಅರ್ಜಿಯಲ್ಲಿ ಜಾಗವಿಲ್ಲ. 27 ತಿರುವುಗಳ ದಿಂಬಂ ಘಾಟಿಯಲ್ಲಿ ಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುತ್ತಿದ್ದವು. 2022ರಲ್ಲಿ ನ್ಯಾಯಾಲಯದ ಆದೇಶದಂತೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಅದು ಬೇಕಾಗಿತ್ತು. ಆದರೆ ತರಕಾರಿಯನ್ನು ಹೊತ್ತಿಗೆ ಸರಿಯಾಗಿ ಮಾರುಕಟ್ಟೆಗೆ ಮುಟ್ಟಿಸುವ ಚಿಂತೆ ಬಿದ್ದದ್ದು ಯಾರ ತಲೆಗೆ? ಕಾಡಿನೊಳಗಿನ ಊರಾಳಿ, ಸೋಲಿಗ ಕುಟುಂಬಗಳ ಮೇಲಂತೂ ಸೌದೆಗೂ ಜೇನಿಗೂ ದನ ಮೇಯಿಸುವುದಕ್ಕೂ ಕಟ್ಟುಪಾಡುಗಳು ಬಂದವು.

ನೈತಿಕ ಪ್ರಶ್ನೆ ಇರುವುದು ಇಲ್ಲಿ. ಭಾರತ ತನ್ನ ನೆಲದ ನೂರಕ್ಕೆ ಸುಮಾರು ಐದು ಪಾಲನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಬಿಟ್ಟಿದೆ. 2030ರ ಹೊತ್ತಿಗೆ ಭೂಮಿಯ ಶೇ. 30ರಷ್ಟನ್ನು ರಕ್ಷಿಸಬೇಕೆಂದು 2022ರಲ್ಲಿ ಜಗತ್ತಿನ ದೇಶಗಳು ಒಪ್ಪಿವೆ. ಒಳ್ಳೆಯ ಮಾತು. ಆದರೆ 'ನಾವು ಬಿಟ್ಟುಕೊಟ್ಟೆವು' ಎನ್ನುವಾಗ ಆ 'ನಾವು' ಯಾರು? ಪಕ್ಕದ ಮನೆಯ ಹುಂಡಿ ಒಡೆದು ದಾನ ಮಾಡಿದವನನ್ನು ಯಾರೂ ದಾನಿ ಎನ್ನುವುದಿಲ್ಲ. ಪಟ್ಟಣದಿಂದ ಬಂದು ಒಂದು ದಿನ ಹುಲಿ ನೋಡಿ ಹೋಗುವವರೂ, ಕೆಳಗಿನ ನಾಲೆಯ ನೀರುಣ್ಣುವವರೂ ಕಾಡನ್ನು ಪ್ರೀತಿಸುತ್ತೇವೆ ಎನ್ನಬಹುದು. ಆ ಪ್ರೀತಿಯ ಖರ್ಚು ಮಾತ್ರ ಅಂಚಿನ ನಾಲ್ಕು ಹಳ್ಳಿಗಳ ಲೆಕ್ಕಕ್ಕೆ ಹೋಗುತ್ತಿದೆ.

ವಿಮೋಚನಾಕಾಂಡದ 23ನೇ ಅಧ್ಯಾಯದಲ್ಲಿ ಒಂದು ಹಳೆಯ ಕಟ್ಟಳೆಯಿದೆ. ಆರು ವರ್ಷ ಉತ್ತು ಬಿತ್ತಿದವನು ಏಳನೆಯ ವರ್ಷ ಹೊಲವನ್ನು ಬೀಳು ಬಿಡಬೇಕು. ತಾನಾಗಿ ಬೆಳೆದದ್ದನ್ನು ಬಡವರು ತಿನ್ನಲಿ, ಅವರು ಬಿಟ್ಟದ್ದನ್ನು ಕಾಡುಪ್ರಾಣಿಗಳು ತಿನ್ನಲಿ ಎಂಬುದು ಅದರ ಆಶಯ. ಇದರಲ್ಲಿ ಗಮನಿಸಬೇಕಾದದ್ದು ಎರಡು. ಬೀಳು ಬಿಡಬೇಕಾದದ್ದು ಪ್ರತಿಯೊಬ್ಬನೂ ತನ್ನ ಹೊಲವನ್ನು, ಬೇರೆಯವನ ಹೊಲವನ್ನಲ್ಲ. ಬಡವನೂ ಕಾಡುಪ್ರಾಣಿಯೂ ಅಲ್ಲಿ ಎದುರಾಳಿಗಳಲ್ಲ, ಒಂದೇ ಪಂಕ್ತಿಯಲ್ಲಿದ್ದಾರೆ. ನಮ್ಮ ಕಾಲದಲ್ಲಿ ಇಬ್ಬರನ್ನೂ ಒಬ್ಬರ ಮೇಲೊಬ್ಬರು ಬೀಳುವಂತೆ ಮಾಡಿ, ಉಳಿದವರು ದೂರದಲ್ಲಿ ನಿಂತಿದ್ದೇವೆ.

ಇಬ್ಬರೂ ಒಟ್ಟಿಗೆ ಬಾಳಲು ಸಾಧ್ಯವೇ ಎಂದರೆ ಬಹುದೂರ ಹೋಗಬೇಕಿಲ್ಲ. ಗಡಿಯಾಚೆಯ ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿನ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಸಮುದಾಯದ ಹಕ್ಕುಗಳು ಸಿಕ್ಕವು. ದೇಶದ ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅದೇ ಮೊದಲು. ಸೋಲಿಗರು ಅಲ್ಲಿದ್ದಾರೆ, ಹುಲಿಗಳೂ ಅಲ್ಲಿವೆ.

ಇನ್ನೊಂದು ಮಾತು ನಮಗೇ ಸೇರಿದ್ದು. ಗೆರೆಯೆಳೆದು ಒಳಗಿನದನ್ನು ಕಾದರೆ ಸಾಲದು. ಮೋಯಾರು ಕಣಿವೆಯ ರಣಹದ್ದುಗಳನ್ನು ನೋಡಿ. 1990ರ ದಶಕದಿಂದ ನಮ್ಮ ದೇಶದ ಮುಖ್ಯ ಹದ್ದು ಜಾತಿಗಳು ಶೇ. 95ಕ್ಕೂ ಹೆಚ್ಚು ಅಳಿದವು. ಅವನ್ನು ಯಾರೂ ಬೇಟೆಯಾಡಲಿಲ್ಲ. ಕೊಟ್ಟಿಗೆಯಲ್ಲಿ ನೋವಿಗೆಂದು ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ಚುಚ್ಚುಮದ್ದು, ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸಿತು. ದನಕ್ಕೆ ಆ ಔಷಧವನ್ನು 2006ರಲ್ಲಿ ನಿಷೇಧಿಸಲಾಯಿತು. ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನು 2023ರಲ್ಲಿ ನಿಷೇಧಿಸಲಾಯಿತು. ಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ಇದೆ. ಹದ್ದು ಗೂಡು ಕಟ್ಟುವುದು ಕಾಡಿನೊಳಗೆ, ಅದರ ಜೀವ ಇರುವುದು ನಮ್ಮ ಕೊಟ್ಟಿಗೆಯಲ್ಲಿ.

ಆದ್ದರಿಂದ ಯಾರ ಕಡೆ ನಿಲ್ಲಬೇಕು ಎಂಬ ಪ್ರಶ್ನೆಯೇ ಸರಿಯಿಲ್ಲ ಎಂದು ನನಗನಿಸುತ್ತದೆ. ಕಾಡು ಉಳಿಯಬೇಕು. ಆದರೆ ಅದರ ಲಾಭ ಉಣ್ಣುವವರೆಲ್ಲ ಅದರ ಖರ್ಚಿನಲ್ಲೂ ಪಾಲು ಹೊರಬೇಕು. ಎಲ್ಲರೂ ಪಾಲು ಹೊತ್ತರೂ ಆನೆ ಹೊಲಕ್ಕೆ ಬರುವುದು ನಿಲ್ಲುವುದಿಲ್ಲ, ನಿಜ. ಆದರೆ ರಾತ್ರಿ ಕಾವಲಿದ್ದವನು ತಾನು ಒಂಟಿ ಎಂದುಕೊಳ್ಳುವುದು ನಿಲ್ಲಬಹುದು. ಒಂಟಿಯಾದವನೇ ಕೊನೆಗೆ ಬೇಲಿಗೆ ಕಳ್ಳ ಕರೆಂಟ್ ಕೊಡುವುದು. ಆ ತಂತಿಗೆ ಆನೆಯೂ ಸಾಯುತ್ತದೆ, ಒಮ್ಮೊಮ್ಮೆ ಪಕ್ಕದ ಹೊಲದವನೂ ಸಾಯುತ್ತಾನೆ. ಅದನ್ನು ನಾವು ಯಾವ ಕಾರಣಕ್ಕೂ ಒಪ್ಪಬಾರದು.

ನಮ್ಮ ಕೈಯಲ್ಲಿ ಏನಿದೆ? ಹೈನುಗಾರರು ದನಕ್ಕೆ ಕೊಡಿಸುವ ಔಷಧದ ಹೆಸರನ್ನು ಕೇಳಿ ತಿಳಿಯಬಹುದು. ಕಾವಲಿನವರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡಬಹುದು. ಅರ್ಜಿ ಬರೆಯುವುದರಲ್ಲೂ ನೆರವಾಗಬಹುದು. ನಮ್ಮ ಹಿರಿಯರಿಗೆ ಗೊತ್ತಿರುವ ಬರಹ ಕನ್ನಡ, ಕಚೇರಿಯಲ್ಲಿ ನಡೆಯುವುದು ತಮಿಳು. ಬೆಳೆ ಹೋದ ದುಃಖದ ಜೊತೆಗೆ ಅರ್ಜಿ ಬರೆಸಲು ಅಲೆಯುವ ದುಃಖ ಬೇರೆ.

ಆ ಭಾನುವಾರ ಮಾತು ಮುಗಿದ ಮೇಲೆ ತಮ್ಮನ ಮಗಳು ಒಂದು ಹಾಳೆ ತಂದು ಮೆಟ್ಟಿಲ ಮೇಲೆ ಕೂತಳು. ದೊಡ್ಡಪ್ಪ ಕನ್ನಡದಲ್ಲಿ ಹೇಳುತ್ತಾ ಹೋದರು, ಅವಳು ತಮಿಳಿನಲ್ಲಿ ಬರೆಯುತ್ತಾ ಹೋದಳು. ವಾದ ತೀರಿರಲಿಲ್ಲ. ಅರ್ಜಿ ಮಾತ್ರ ಸೋಮವಾರ ಬೆಳಿಗ್ಗೆಯೇ ಕಚೇರಿಗೆ ಹೋಯಿತು.