ಹೊಸ್ತಿಲಾಚೆಯ ಶುಚಿ

ಶಾಲೆಯಿಂದ ಬಂದ ಮಗು ಬ್ಯಾಗು ಒಗೆದು ‘ಅಮ್ಮಾ, ತಲೆನೋವು’ ಎಂದರೆ ನಮ್ಮಲ್ಲಿ ಉತ್ತರ ಸಿದ್ಧವಿರುತ್ತದೆ: ಮೊಬೈಲು ನೋಡಿದ್ದು ಜಾಸ್ತಿಯಾಯಿತು, ಬಿಸಿಲಲ್ಲಿ ಕುಣಿದದ್ದಾಯಿತು, ಹೋಮ್‌ವರ್ಕ್‌ಗೆ ನೆಪ ಸಿಕ್ಕಿತು. ಹಣೆಗೆ ಬಾಮು ಸವರಿ ಮಲಗಿಸುತ್ತೇವೆ. ಹಸಿವು, ನಿದ್ದೆಗೇಡು, ಕಣ್ಣಿನ ದೋಷ, ಮೈಗ್ರೇನ್‌ಗಳೇ ಹೆಚ್ಚಾಗಿ ಕಾರಣ ಎಂಬುದೂ ನಿಜ. ಆದರೆ ನೋವು ಮರುಕಳಿಸುತ್ತಲೇ ಇದ್ದು, ವಾಂತಿಯೋ ಫಿಟ್ಸೋ ಜೊತೆಗೂಡಿದರೆ ವೈದ್ಯರು ತಲೆಯ ಸ್ಕ್ಯಾನ್ ಮಾಡಿಸುತ್ತಾರೆ. ಕೆಲವು ಮಕ್ಕಳ ಮೆದುಳಿನಲ್ಲಿ ಆಗ ಪುಟ್ಟ ನೀರುಗುಳ್ಳೆ ಕಾಣುತ್ತದೆ. ಅದರೊಳಗಿರುವುದು ಲಾಡಿಹುಳುವಿನ ಮರಿ.

‘ನಾವು ಮಾಂಸ ಮುಟ್ಟುವವರೇ ಅಲ್ಲವಲ್ಲ ಡಾಕ್ಟ್ರೇ’ ಎಂದು ತಾಯಿತಂದೆ ದಿಗಿಲುಬೀಳುವುದು ಸಹಜ. ಸರಿಯಾಗಿ ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಈ ಹುಳು ಬೆಳೆಯುತ್ತದೆ. ಹಲವರಿಗೆ ಅದರ ಸುಳಿವೇ ಇರುವುದಿಲ್ಲ. ಆದರೆ ಮೆದುಳಿನ ಕಾಯಿಲೆ ಬರುವುದು ಹುಳುವಿನ ಮೊಟ್ಟೆಯಿಂದ. ಮಲದೊಂದಿಗೆ ಹೊರಬಿದ್ದ ಮೊಟ್ಟೆ ತೊಳೆಯದ ಕೈಯಿಂದಲೋ, ಕೊಳಚೆ ನೀರು ಹಾಯಿಸಿದ ಕೊತ್ತಂಬರಿ ಸೊಪ್ಪಿನಿಂದಲೋ ಮತ್ತೊಬ್ಬರ ಬಾಯಿ ಸೇರುತ್ತದೆ. ಬರಿಗಣ್ಣಿಗೆ ಕಾಣದ ಆ ಮೊಟ್ಟೆಗೆ ಶಾಕಾಹಾರಿಯ ತಟ್ಟೆ, ಮಾಂಸಾಹಾರಿಯ ತಟ್ಟೆ ಎಂಬ ಭೇದವಿಲ್ಲ.

2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಅದನ್ನು ತಪ್ಪಿಸಬಾರದು. ಆ ಮಾತ್ರೆ ಕೊಲ್ಲುವ ಕರುಳಿನ ಹುಳುಗಳಲ್ಲಿ ಒಂದಾದ ಕೊಕ್ಕೆಹುಳು ರಕ್ತ ಹೀರಿ ಮಗುವನ್ನು ನಿಶ್ಶಕ್ತಗೊಳಿಸುತ್ತದೆ. ರಕ್ತಹೀನತೆಯಿಂದಲೂ ತಲೆ ನೋಯುತ್ತದೆ. ಮೆದುಳಿನ ಗುಳ್ಳೆಗೆ ಮಾತ್ರ ಮೆಡಿಕಲ್ ಶಾಪಿನ ಸ್ವಯಂವೈದ್ಯ ಸಲ್ಲದು. ಔಷಧಕ್ಕೆ ಮರಿ ಸಾಯುವಾಗ ಸುತ್ತಲೂ ಊತವೇರಿ ನೋವು, ಫಿಟ್ಸು ಹೆಚ್ಚಬಹುದು. ಆ ಚಿಕಿತ್ಸೆ ವೈದ್ಯರ ಕಣ್ಣೆದುರೇ ನಡೆಯಬೇಕು.

ನಾವು ಗೃಹಸ್ಥರು ಮನೆಯನ್ನು ದಿನವೂ ಸಾರಿಸಿ ಒರೆಸಿ ಶುಚಿ ಮಾಡಿಕೊಳ್ಳುತ್ತೇವೆ. ಆದರೆ ಬೆಳಗಿನಿಂದ ನಮ್ಮಲ್ಲಿ ದುಡಿಯುವ ಕೆಲಸದಾಕೆ ಶೌಚಕ್ಕೆ ಎಲ್ಲಿಗೆ ಹೋಗುತ್ತಾಳೆ, ಪಕ್ಕದ ಸೈಟಿನಲ್ಲಿ ಮನೆ ಕಟ್ಟುವ ಕೂಲಿಯವರು ಕೈ ಎಲ್ಲಿ ತೊಳೆಯುತ್ತಾರೆ ಎಂದು ವಿಚಾರಿಸುವುದಿಲ್ಲ. ಹುಳು ಯಾರ ಕರುಳಲ್ಲಿದೆ ಎಂದು ಮುಖ ನೋಡಿ ಹೇಳಲಾಗದು. ಅದು ಯಜಮಾನರ ಹೊಟ್ಟೆಯಲ್ಲೂ ಇರಬಹುದು. ಹಾಗಾಗಿ ಯಾರನ್ನೂ ದೂರವಿಡುವುದರಿಂದ ಮಗುವಿಗೆ ರಕ್ಷಣೆ ಸಿಗದು. ಸೊಪ್ಪನ್ನು ಮೂರು ನೀರಿನಲ್ಲಿ ತೊಳೆಯೋಣ, ಊಟಕ್ಕೆ ಮುಂಚೆ, ಶೌಚದ ನಂತರ ಸೋಪು ಹಚ್ಚಿ ಕೈ ತೊಳೆಯೋಣ. ನಮಗಾಗಿ ದುಡಿಯುವವರಿಗೂ ಶೌಚಾಲಯ, ನೀರು, ಒಂದು ಸೋಪು ಸಿಗುವಂತೆ ನೋಡಿಕೊಳ್ಳೋಣ. ಇದನ್ನು ಉಪಕಾರವೆಂದು ಎಣಿಸಬೇಕಿಲ್ಲ. ನಮ್ಮ ಮಕ್ಕಳ ಆರೋಗ್ಯವೂ ಅದರಲ್ಲೇ ಇದೆ.